ಆರ್. ಕೌಶಿಕ್: ಕ್ರಿಕೆಟಿಗರ ಆತ್ಮಕಥೆಗಳ ನಿರೂಪಕ

ಆರ್. ಕೌಶಿಕ್ ಅವರು ಡೆಕ್ಕನ್ ಹೆರಾಲ್ಡ್ ದಿನಪತ್ರಿಕೆ ಹಾಗೂ ವಿಸ್ಡನ್ ಇಂಡಿಯಾದಲ್ಲಿ ಸೇವೆ ಸಲ್ಲಿಸಿದ ಕ್ರೀಡಾ ಪತ್ರಕರ್ತರು. ಕ್ರಿಕೆಟ್ ವರದಿಗಾರಿಕೆಯೊಂದಿಗೆ, ಆಟಗಾರರ ಅನುಭವಗಳನ್ನು ಕೇಳಿ ಬರಹಕ್ಕಿಳಿಸುವ ಕಾರ್ಯದಲ್ಲಿಯೂ ಅವರು ಹೆಸರು ಪಡೆದಿದ್ದಾರೆ. ಭದ್ರಾವತಿಯಲ್ಲಿ ಜನಿಸಿದ ಗುಂಡಪ್ಪ ವಿಶ್ವನಾಥ್ ಅವರ ಇಂಗ್ಲಿಷ್ ಆತ್ಮಕಥೆ 'ರಿಸ್ಟ್ ಅಶ್ಯೂರ್ಡ್' (2022) ಇವರ ಸಹಲೇಖನದಲ್ಲಿ ಹೊರಬಂದಿತು.

ಇಂತಹ ಬರಹಗಾರರನ್ನು ಇಂಗ್ಲಿಷಿನಲ್ಲಿ 'ಘೋಸ್ಟ್ ರೈಟರ್' ಎನ್ನುತ್ತಾರೆ. ಬರೆದವರ ಹೆಸರು ಎಲ್ಲಿಯೂ ಕಾಣಿಸದಿರುವುದೂ ಉಂಟು. ಕನ್ನಡ ಪತ್ರಿಕೆಗಳಲ್ಲಾದರೋ 'ನಿರೂಪಣೆ' ಎಂದು ಹೆಸರು ನಮೂದಿಸುವ ರೂಢಿಯಿದೆ. ಇದೇ ಹೆಚ್ಚು ಪ್ರಾಮಾಣಿಕವಾದ ಕ್ರಮ. ಕೌಶಿಕ್ ಅವರ ಹೆಸರೂ ಕೃತಿಗಳಲ್ಲಿ ಬಹಿರಂಗವಾಗಿಯೇ ಇದೆ. ಈ ಕೆಲಸ ಕೇವಲ ಕೇಳಿದ್ದನ್ನು ಗೀಚಿಕೊಳ್ಳುವುದಲ್ಲ. ಐರ್ಲೆಂಡಿನ ಪತ್ರಕರ್ತ ಪಾಲ್ ಕಿಮಿಜ್ ಅವರು ಫುಟ್‌ಬಾಲ್ ಆಟಗಾರ ಟೋನಿ ಕ್ಯಾಸ್ಕರಿನೊ ಅವರೊಂದಿಗೆ 2000ರಲ್ಲಿ ಹೊರತಂದ ಆತ್ಮಕಥೆಯಲ್ಲಿ, ಐರ್ಲೆಂಡ್ ಪರ ಆಡಿದ ಆ ಆಟಗಾರನ ತಾಯಿ ಐರಿಷ್ ಕುಟುಂಬದ ದತ್ತುಪುತ್ರಿ ಎಂಬ ಸಂಗತಿ ಬಯಲಾಗಿ ಸಂಚಲನ ಉಂಟಾಗಿತ್ತು.

ಕೌಶಿಕ್ ಅವರು 2018ರಲ್ಲಿ ವಿ.ವಿ.ಎಸ್. ಲಕ್ಷ್ಮಣ್ ಅವರ '281 ಅಂಡ್ ಬಿಯಾಂಡ್', 2023ರಲ್ಲಿ ಭಾರತ ತಂಡದ ಮಾಜಿ ಫೀಲ್ಡಿಂಗ್ ತರಬೇತುದಾರ ಆರ್. ಶ್ರೀಧರ್ ಅವರ 'ಕೋಚಿಂಗ್ ಬಿಯಾಂಡ್' ಕೃತಿಗಳಿಗೂ ಸಹಲೇಖಕರು.

ವಿಶ್ವನಾಥ್ ಅವರ ಕಥೆ ಪುಸ್ತಕವಾಗಲು ಬಹುಕಾಲ ಹಿಡಿಯಿತು. 1949ರ ಫೆಬ್ರವರಿ 12ರಂದು ಜನಿಸಿದ ಅವರು 1967ರಲ್ಲಿ ಮೈಸೂರು ಪರ ಪ್ರಥಮ ರಣಜಿ ಪಂದ್ಯದಲ್ಲಿಯೇ 230 ರನ್ ಗಳಿಸಿದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಚೊಚ್ಚಲ ಟೆಸ್ಟ್‌ನಲ್ಲಿ ಶೂನ್ಯ ಹಾಗೂ 137. 91 ಟೆಸ್ಟ್‌ಗಳಲ್ಲಿ 6,080 ರನ್, 14 ಶತಕ. ಆದರೂ ಹಲವರ ನೆನಪಿನಲ್ಲಿ ಉಳಿದಿರುವುದು ಶತಕವಲ್ಲದ ಇನಿಂಗ್ಸ್: 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ ದಾಳಿಯೆದುರು ತಂಡ 190ಕ್ಕೆ ಕುಸಿದಾಗ ಗಳಿಸಿದ ಅಜೇಯ 97.

ಕೊನೆಯ ಟೆಸ್ಟ್ 1983ರಲ್ಲಿ. ಆತ್ಮಕಥೆ ಬಂದದ್ದು 39 ವರ್ಷಗಳ ಬಳಿಕ. ರಣಜಿ ಪಂದ್ಯಗಳನ್ನು ಕಂಡಿರುವ ಶಿವಮೊಗ್ಗದ ನವುಲೆ ಕ್ರೀಡಾಂಗಣದಲ್ಲಿ ಇಂದು ಅಭ್ಯಾಸ ಮಾಡುವ ಹುಡುಗರು ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಅನ್ನು ಮೈದಾನದಲ್ಲಿ ಕಂಡವರಲ್ಲ. 'ರೆಸ್ಟ್ ಅಶ್ಯೂರ್ಡ್' ಎಂಬ ಇಂಗ್ಲಿಷ್ ನುಡಿಗಟ್ಟನ್ನು ತಿರುಚಿದ ಪುಸ್ತಕದ ಹೆಸರು, ಆ ಹೊಡೆತಕ್ಕೆ ಸೊಗಸು ತಂದ ಮಣಿಕಟ್ಟನ್ನೇ ನೆನಪಿಸುತ್ತದೆ.

ಅಂಕಿ ಅಂಶಗಳಲ್ಲಿ ಸಿಗದೆ, ಆಟಗಾರನ ಬಾಯಿಂದಲೇ ಕೇಳಬೇಕಾದ ಸಂಗತಿಗಳೂ ಇವೆ. 1980ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್ ಅಂಥದ್ದು. ನಾಯಕರಾಗಿದ್ದ ವಿಶ್ವನಾಥ್, ಅಂಪೈರ್ ಔಟ್ ಎಂದು ತೀರ್ಪಿತ್ತಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಮರಳಿ ಆಡಲು ಕರೆದರು. ಆಗ ಇಂಗ್ಲೆಂಡ್ 5 ವಿಕೆಟ್ ಕಳೆದುಕೊಂಡು ಸಂಕಷ್ಟದಲ್ಲಿತ್ತು. ಟೇಲರ್ ಅವರು ಇಯಾನ್ ಬಾಥಮ್ ಜೊತೆ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು.