ಉಪ್ಪುನೀರು ಮತ್ತು ಪಿಕಪ್ಪಿನ ಬೋಲ್ಟು

ಎತ್ತಿನ ಗಾಡಿಗೆ ಸ್ಪ್ರಿಂಗು ಎಂತದೂ ಇರ್ಲಿಲ್ಲ ಮಾರಾಯ್ತಿ, ಅಚ್ಚಿನ ಮೇಲೇ ಭಾರ. ಪಟ್ಟಿ ಪಟ್ಟಿ ಜೋಡಿಸಿದ ಸ್ಪ್ರಿಂಗು ವಿಲಾಯ್ತಿಯ ಕುದುರೆ ಸಾರೋಟಿನಿಂದ ಲಾರಿಗೆ ಬಂದದ್ದು. 2005ರಲ್ಲಿ ಟಾಟಾ ಏಸ್ ಬಂತು, ಅದರಲ್ಲೂ ಅದೇ ಪಟ್ಟಿ.

ನಮ್ಮ ಕಟಪಾಡಿ ಕಡೆ ಕಷ್ಟ ಎಂತ ಅಂದ್ರೆ, ಕಡಲ ಗಾಳಿ ಒಂದು, ಮಲ್ಪೆಯಿಂದ ಮೀನು ತರುವಾಗ ಸೋರುವ ಉಪ್ಪುನೀರು ಇನ್ನೊಂದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡೀತದೆ, ಹಾಗಾಗಿ ಬೋಲ್ಟು ಬುಷ್ಷಿಗೇ ಕಚ್ಚಿ ಕೂರುದು.

ಪೈಪು ಸಿಕ್ಕಿಸಿ ಎಳೆದ್ರೆ ತಲೆಯೇ ಮುರೀತದೆ. ತಂತಿ ಬ್ರಶ್ಶಲ್ಲಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡ್ಬೇಕು. ಮತ್ತೆ ಒಂಚೂರು ಬಿಗಿ ಮಾಡಿ, ಆಮೇಲೆ ಸಡಿಲ ಮಾಡುದು. ಅದಕ್ಕೂ ಬಗ್ಗದಿದ್ರೆ ಗ್ಯಾರೇಜಿನವರ ಗ್ಯಾಸಿನ ಬೆಂಕಿಯೇ ಗತಿ. ಎಣ್ಣೆ ಹಾಕಿದಲ್ಲಿಗೆ ಮಾತ್ರ ಬೆಂಕಿ ಬೇಡ.

ಮನೆ ಮಕ್ಕಳು ಬರೇ ಜ್ಯಾಕ್ ನಂಬಿ ಗಾಡಿಯಡಿ ಮಲಗಿದ್ರೆ ಬೈದು ಎಬ್ಬಿಸಿ, ಸ್ಟ್ಯಾಂಡ್ ಇಡಿಸಿ.