ರೋಣದ ಹುಡುಗ ಕೇಳಿದ ಪ್ಲೇಟು

ಗಜೇಂದ್ರಗಡದಲ್ಲಿ ನಮ್ಮ ಖಾಲಾ ಅವರ ಹಳೆಯ ಮನೆ ಇಳಿಸುವಾಗ ಅಟ್ಟದ ಮೇಲೊಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಹದಿನೇಳು ಗ್ರಾಮೋಫೋನ್ ಪ್ಲೇಟುಗಳಿದ್ದವು, ನಾಲ್ಕು ಒಡೆದಿದ್ದವು. "ಇವನ್ನ ತಗೊಂಡು ಏನ್ ಮಾಡ್ತೀ ಬೇಟಾ? ಎಲ್ಲಾ ಹಾಡು ಈಗ ಮೊಬೈಲಿನ್ಯಾಗ ಬರ್ತಾವಲ್ಲ" ಎಂದರು ಖಾಲಾ. ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಬರಹ ಆ ಉತ್ತರದ ಪ್ರಯತ್ನ.

ಗಜೇಂದ್ರಗಡದ ನೆರೆಯ ರೋಣದಲ್ಲಿ 1922ರ ಫೆಬ್ರವರಿ 4ರಂದು ಹುಟ್ಟಿದ ಒಬ್ಬ ಶಾಲಾ ಮಾಸ್ತರರ ಮಗ, ಬಾಲ್ಯದಲ್ಲಿ ಒಂದು ಪ್ಲೇಟು ಕೇಳಿದ. ಅದು ಉಸ್ತಾದ್ ಅಬ್ದುಲ್ ಕರೀಂ ಖಾನರ ಜಿಂಝೋಟಿ ರಾಗದ ಠುಮ್ರಿ. ಹಾಗೆ ಹಾಡಬೇಕೆಂಬ ಹುಚ್ಚು ಹಿಡಿದು, 1933ರಲ್ಲಿ ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಗ್ವಾಲಿಯರ್, ರಾಂಪುರ ಎಂದು ಅಲೆದು ಕೊನೆಗೆ 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾದ. ಸವಾಯಿ ಗಂಧರ್ವರು ಕರೀಂ ಖಾನರ ಶಿಷ್ಯರೇ. ಆ ಹುಡುಗನೇ ಪಂಡಿತ ಭೀಮಸೇನ ಜೋಶಿ. 2008ರಲ್ಲಿ ಅವರಿಗೆ ಭಾರತರತ್ನ ಸಂದಿತು. 2011ರ ಜನವರಿ 24ರಂದು ತೀರಿಕೊಂಡರು.

ಉತ್ತರ ಪ್ರದೇಶದ ಕೈರಾನಾದ ಉಸ್ತಾದರೊಬ್ಬರ ಕಂಠ, ಮೂರು ನಿಮಿಷದ ಪ್ಲೇಟಿನಲ್ಲಿ ಕುಳಿತು ಬಂದು ವೈಷ್ಣವ ಮನೆತನದ ಬಾಲಕನನ್ನು ಕರೆದೊಯ್ದಿತು. ಹಾಡಿದವರು ಯಾರು, ಕೇಳಿದವರು ಯಾರು ಎಂದು ಆ ಪ್ಲೇಟು ವಿಚಾರಿಸಲಿಲ್ಲ. ಖಾನ್ ಸಾಹೇಬರು 1937ರಲ್ಲಿ ನಿಧನರಾದರು. ಅವರು ಮಲಗಿರುವುದು ಮೀರಜಿನ ದರ್ಗಾದ ಆವರಣದಲ್ಲಿ. ಅಲ್ಲಿ ಅವರ ನೆನಪಿಗಾಗಿ ನಡೆಯುತ್ತ ಬಂದ ಸಂಗೀತ ಸೇವೆಯಲ್ಲಿ ನಮ್ಮ ಕಡೆಯ ಗಾಯಕರೂ ಹಾಡಿದ್ದಾರೆ.

ಈಗ ಪ್ಲೇಟುಗಳ ವಿಷಯಕ್ಕೆ ಬರೋಣ. ಹಳೆಯ ಪ್ಲೇಟು ಅರಗಿನದು. ಹುಳು ಕೊಡುವ ಅದೇ ಅರಗಿನಿಂದ ಬಳೆಗಳನ್ನೂ ಮಾಡುತ್ತಾರೆ. ಕೈ ಜಾರಿದರೆ ಚೂರು. ಹತ್ತು ಇಂಚಿನ ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು. 1925ರ ಸುಮಾರಿಗೆ ಮೈಕ್ ಬರುವವರೆಗೆ ಗಾಯಕರು ತುತ್ತೂರಿಯಂಥ ಕೊಳವೆಯ ಮುಂದೆ ಕೂತು ಗಟ್ಟಿಯಾಗಿ ಹಾಡಬೇಕಿತ್ತು. ಕರೀಂ ಖಾನರು 1905ರಲ್ಲಿ ಹಾಡಿದ್ದು ಹಾಗೆಯೇ. ಆಮೇಲೆ 1930ರ ದಶಕದಲ್ಲಿ ಓಡಿಯನ್ ಕಂಪನಿಗೆ ಹಾಡಿದ್ದು ಮೈಕಿನ ಮುಂದೆ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಕೇಳಿದರೆ ಒಬ್ಬರೇ ಉಸ್ತಾದರ ಎರಡು ಕಾಲಗಳು ಎದುರಾಗುತ್ತವೆ. ಗಂಗೂಬಾಯಿ ಹಾನಗಲ್ಲರದೂ ಹೀಗೆಯೇ. 1930ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಲ್ಲಿ ಬಂದ ಅವರ ಪ್ಲೇಟುಗಳಲ್ಲಿ ತೆಳುವಾದ, ಏರುದನಿಯ ಹುಡುಗಿ ಇದ್ದಾಳೆ. ಗಂಟಲಿನ ಚಿಕಿತ್ಸೆಯ ನಂತರ ಬದಲಾದ ಗಡಸು ಕಂಠ ಎಲ್‌ಪಿಗಳಲ್ಲಿದೆ. ಎಲ್‌ಪಿ ಮಾತ್ರ ಕೇಳಿದವರಿಗೆ ಆ ಹುಡುಗಿಯ ಪರಿಚಯವೇ ಇಲ್ಲ.

ಪ್ಲೇಟಿನ ಹಾಡನ್ನು ಎಲ್‌ಪಿಗೆ, ಕ್ಯಾಸೆಟ್ಟಿಗೆ, ಸಿಡಿಗೆ ಇಳಿಸುವಾಗ ಏನಾಗುತ್ತದೆ? ಮೊದಲಿಗೆ ಗರಗರ ಸದ್ದನ್ನು ತೊಳೆಯುತ್ತಾರೆ. ಅತಿಯಾಗಿ ತೊಳೆದರೆ ತಂಬೂರಿಯ ಝೇಂಕಾರವೂ ಹೋಗುತ್ತದೆ. ಎರಡನೆಯದು ವೇಗ. ಆರಂಭದ ಪ್ಲೇಟುಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತಿನವಲ್ಲ. 74 ಸುತ್ತಿನಲ್ಲಿ ಕೊರೆದದ್ದನ್ನು 78ರಲ್ಲಿ ತಿರುಗಿಸಿದರೆ ಹಾರ್ಮೋನಿಯಂನ ಸುಮಾರು ಒಂದು ಪಟ್ಟಿ ಮೇಲೇರುತ್ತದೆ. ಉಸ್ತಾದರ ದನಿ ಅವರದಲ್ಲದ ದನಿಯಾಗುತ್ತದೆ, ತಾನು ಓಡುತ್ತದೆ. ಹೊಸ ಮುದ್ರಣವೆಂದರೆ ಹಳೆಯದರ ನಕಲಲ್ಲ. ಅದು ಇನ್ನೊಬ್ಬರ ಕಿವಿ ಮಾಡಿದ ತೀರ್ಮಾನ.

ಪಶ್ಚಿಮದ ರಾಕ್ ಸಂಗೀತದ ಸಂಗ್ರಾಹಕರು ಇದನ್ನು ಚೆನ್ನಾಗಿ ಬಲ್ಲರು. ಬೀಟಲ್ಸ್ ತಂಡದ 'ಲೆಟ್ ಇಟ್ ಬಿ' 1970ರಲ್ಲಿ ಹೊರಬಂತು. ಅದರಲ್ಲಿ ಹಾಡುಗಳ ಮೇಲೆ ಕೂಡಿಸಿದ್ದ ವಾದ್ಯವೃಂದವನ್ನು ತೆಗೆದು 2003ರಲ್ಲಿ ಮತ್ತೊಂದು ರೂಪ ತಂದರು. ಅವರಲ್ಲಿ ಪ್ರತಿಯೊಂದು ವಾದ್ಯದ ದನಿಯನ್ನೂ ಬೇರೆಬೇರೆ ಹಿಡಿದಿಟ್ಟ ಟೇಪುಗಳಿದ್ದವು, ಹಾಗಾಗಿ ಮತ್ತೆ ಬೆರೆಸಲು ಸಾಧ್ಯವಾಯಿತು. ಆದರೂ ಹೊಸದು ಬಂತೆಂದು ಅವರು ಹಳೆಯದನ್ನು ಎಸೆಯಲಿಲ್ಲ; ಎರಡನ್ನೂ ಕೂಡಿಟ್ಟು ಹೋಲಿಸುತ್ತಾರೆ. ನಮ್ಮ ಹಳೆಯ ಪ್ಲೇಟುಗಳಿಗೆ ಹಿಂದೆ ಅಂಥ ಟೇಪಿಲ್ಲ. ಗಾಯನ, ತಬಲಾ, ಸಾರಂಗಿ ಎಲ್ಲವೂ ಒಂದೇ ಗೆರೆಯಲ್ಲಿ ಬೆರೆತಿವೆ. ಕಂಪನಿಯ ಮೂಲ ಅಚ್ಚು ಹಾಳಾಗಿದ್ದರೆ ಯಾರದೋ ಮನೆಯ ಅಟ್ಟದಲ್ಲಿರುವ ಪ್ಲೇಟೇ ಮೂಲ.

ಅಷ್ಟೇ ಅಲ್ಲ, ಪ್ಲೇಟಿನ ನಡುವಿನ ಕಾಗದವೂ ದಾಖಲೆಯೇ. ನರಗುಂದದ ನಮ್ಮ ಗೆಳೆಯರೊಬ್ಬರು ಹದಿಮೂರು ಪ್ಲೇಟುಗಳನ್ನೂ ಒರೆಸಿ, ಬೆಳಕಿಗೆ ಹಿಡಿದು, ಕಾಗದ ಹರಿದವುಗಳ ಮೇಲೆ ಕೊರೆದಿದ್ದ ಸಂಖ್ಯೆಗಳನ್ನು ಬರೆದುಕೊಂಡರು. ಹೆಸರು ಅಳಿಸಿದರೂ ಆ ಸಂಖ್ಯೆಯಿಂದ ಹಾಡಿದವರನ್ನು ಪತ್ತೆ ಹಚ್ಚಬಹುದು. ಮೊಬೈಲಿನ ಹಾಡಿಗೆ ಹಲವು ಸಲ ಹಾಡಿದವರ ಹೆಸರೂ ಇರುವುದಿಲ್ಲ. ಸಾರಂಗಿಯವರದಂತೂ ದೂರದ ಮಾತು.

ಹೀಗಾಗಿ ನಮ್ಮ ವಿನಂತಿ ಇಷ್ಟೇ. ಹಳೆಯ ಮನೆ ಇಳಿಸುವಾಗ ಪ್ಲೇಟು ಸಿಕ್ಕರೆ ಗುಜರಿಗೆ ಹಾಕಬೇಡಿ. ಒಂದರ ಮೇಲೊಂದು ಒಟ್ಟದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಬಿಸಿಲಿನಿಂದ ದೂರವಿಡಿ. ಅರಗಿನ ಪ್ಲೇಟಿಗೆ ಸ್ಪಿರಿಟ್ ಹಚ್ಚಬೇಡಿ, ಅದು ಕರಗುತ್ತದೆ. ತುಂಬಾ ಹಳೆಯ ಸೂಜಿಯಲ್ಲಿ ನುಡಿಸಬೇಡಿ.

ಹೋದ ವಾರ ಆ ಹದಿಮೂರರಲ್ಲಿ ಒಂದನ್ನು ನುಡಿಸಿ ಖಾಲಾ ಅವರಿಗೆ ಕೇಳಿಸಿದೆವು. ಗರಗರ ಸದ್ದಿನೊಳಗಿಂದ ಹಾಡು ಎದ್ದಿತು. ಮುಗಿಯುವವರೆಗೆ ಅವರು ಮಾತಾಡಲಿಲ್ಲ. ಆಮೇಲೆ ಸೆರಗಿನಿಂದ ಪ್ಲೇಟಿನ ಧೂಳು ಒರೆಸುತ್ತ, "ಇದು ನಿಮ್ಮ ನಾನಾ ತಂದಿದ್ರು" ಎಂದರು.