ಕ್ರಿಸ್ತನ ಮಧ್ಯಸ್ಥಿಕೆ: ಒಂದು ಸಿದ್ಧಾಂತದ ಇತಿಹಾಸ

ಶಿಲುಬೆಯ ಮೇಲೆ ಸತ್ತು, ಜೀವಂತನಾಗಿ ಎದ್ದು, ಸ್ವರ್ಗಕ್ಕೇರಿದ ಯೇಸು ಈಗಲೂ ತಂದೆಯಾದ ದೇವರ ಸನ್ನಿಧಿಯಲ್ಲಿ ತನ್ನವರ ಪರವಾಗಿ ಬೇಡುತ್ತಿದ್ದಾನೆ ಎಂಬ ನಂಬಿಕೆಯನ್ನು ಕ್ರೈಸ್ತ ಧರ್ಮಶಾಸ್ತ್ರದಲ್ಲಿ ಕ್ರಿಸ್ತನ ಮಧ್ಯಸ್ಥಿಕೆ ಎನ್ನುತ್ತಾರೆ. ವಿಶ್ವಾಸಿಯ ಎದೆಯೊಳಗೆ ನೆಲೆಸಿದ ಪವಿತ್ರಾತ್ಮನು ಅವನಿಗಾಗಿ ಮೊರೆಯಿಡುತ್ತಾನೆ ಎಂಬ ಬೋಧನೆಯೂ ಇದರ ಜೊತೆಗೇ ಬರುತ್ತದೆ. ತ್ರಿತ್ವದ ಬಗ್ಗೆ, ಅವತಾರದ ಬಗ್ಗೆ ಮಹಾಸಭೆಗಳು ಸೇರಿ ತೀರ್ಮಾನ ಕೊಟ್ಟಂತೆ ಇದರ ಬಗ್ಗೆ ಕೊಟ್ಟಿಲ್ಲ. ಹಾಗಾಗಿ ಇದರ ಇತಿಹಾಸವನ್ನು ಬೇರೆ ವಾದಗಳ ಅಂಚಿನಲ್ಲಿ, ಪ್ರಾರ್ಥನಾ ಪಠ್ಯಗಳಲ್ಲಿ, ಚಿತ್ರಗಳಲ್ಲಿ ಹುಡುಕಬೇಕಾಗುತ್ತದೆ. ಹುಡುಕಿದಾಗ ಎರಡು ಕಲ್ಪನೆಗಳು ಉದ್ದಕ್ಕೂ ಎದುರುಬದುರಾಗಿ ನಿಲ್ಲುವುದು ಕಾಣುತ್ತದೆ. ಒಂದರಲ್ಲಿ ದೇವರು ಸಿಟ್ಟಾದ ಅರಸ, ಯೇಸು ಅವನ ಮನಸ್ಸು ಒಲಿಸುವ ಆಪ್ತ. ಇನ್ನೊಂದರಲ್ಲಿ ದೇವರ ಮನಸ್ಸು ಮೊದಲೇ ಒಲಿದಿದೆ. ಮನುಷ್ಯನಾಗಿ ಹುಟ್ಟಿ ನೊಂದ ದೇವಕುಮಾರನು ಅದೇ ಮನುಷ್ಯತ್ವದೊಂದಿಗೆ ಅಲ್ಲಿ ಇರುವುದೇ ಮಧ್ಯಸ್ಥಿಕೆ. ಪರಸ್ಪರ ಒಡೆದುಹೋದ ಪಂಥಗಳ ಶ್ರೇಷ್ಠ ಚಿಂತಕರು ಎರಡನೆಯದರಲ್ಲಿ ಒಮ್ಮತಕ್ಕೆ ಬಂದಿದ್ದಾರೆ, ಜನರ ಭಕ್ತಿ ಮಾತ್ರ ಮತ್ತೆಮತ್ತೆ ಮೊದಲನೆಯದಕ್ಕೆ ಜಾರಿದೆ. ಸಂತರನ್ನು ಬೇಡಬಹುದೇ ಎಂಬ ಪ್ರಸಿದ್ಧ ವಿವಾದಕ್ಕಿಂತ ಈ ಸೆಳೆತವೇ ಸಿದ್ಧಾಂತದ ಇತಿಹಾಸವನ್ನು ಹೆಚ್ಚು ರೂಪಿಸಿದೆ.

ಬೇರುಗಳಿರುವುದು ಯೆಹೂದಿ ಧರ್ಮಗ್ರಂಥದಲ್ಲಿ. ಸೊದೋಮಿಗಾಗಿ ಅಬ್ರಹಾಮನೂ, ಬಂಗಾರದ ಕರುವನ್ನು ಪೂಜಿಸಿದ ಜನರಿಗಾಗಿ ಮೋಶೆಯೂ ದೇವರೊಡನೆ ವಾದಿಸುತ್ತಾರೆ. ಯೆಶಾಯನ 53ನೆಯ ಅಧ್ಯಾಯದ ನೊಂದ ಸೇವಕ ದ್ರೋಹಿಗಳಿಗಾಗಿ ಬೇಡುತ್ತಾನೆ. ಎಲ್ಲಕ್ಕಿಂತ ಮುಖ್ಯವಾದದ್ದು ಮಹಾಯಾಜಕನ ಚಿತ್ರ. ವಿಮೋಚನಕಾಂಡದ ಪ್ರಕಾರ ಆರೋನನು ಹನ್ನೆರಡು ಕುಲಗಳ ಹೆಸರು ಕೆತ್ತಿದ ಕಲ್ಲುಗಳನ್ನು ಎದೆಯ ಮೇಲೆ ಧರಿಸಿ ಒಳಗೆ ಹೋಗುತ್ತಾನೆ. ಯಾಜಕಕಾಂಡದ 16ನೆಯ ಅಧ್ಯಾಯದಂತೆ ವರ್ಷಕ್ಕೊಮ್ಮೆ, ದೋಷಪರಿಹಾರದ ದಿನ, ರಕ್ತದೊಂದಿಗೆ ಪರಿಶುದ್ಧ ಸ್ಥಳವನ್ನು ಪ್ರವೇಶಿಸುತ್ತಾನೆ. ಆ ಸ್ಥಳದೊಳಗೆ ಅವನು ಆಡಬೇಕಾದ ಮಾತೆಂದು ಒಂದು ಅಕ್ಷರವೂ ಬರೆದಿಲ್ಲ. ಜನರ ಪರವಾಗಿ ಅಲ್ಲಿ ನಿಲ್ಲುವುದೇ ಅವನ ಕೆಲಸ. ಮುಂದಿನ ವಾದಕ್ಕೆ ಇದು ದೊಡ್ಡ ಆಧಾರ.

ಹೊಸ ಒಡಂಬಡಿಕೆಯಲ್ಲಿ ಸಿದ್ಧಾಂತ ನಿಂತಿರುವುದು ಕೆಲವೇ ವಾಕ್ಯಗಳ ಮೇಲೆ. ಸುಮಾರು ಕ್ರಿ.ಶ. 57ರಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಎರಡೂ ಮಧ್ಯಸ್ಥಿಕೆಗಳು ಹತ್ತಿರಹತ್ತಿರ ಬರುತ್ತವೆ: ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದವರಲ್ಲಿ ಆತ್ಮನು ಮಾತಿಲ್ಲದ ನರಳಾಟದಿಂದ ಬೇಡುತ್ತಾನೆ, ಕ್ರಿಸ್ತನು ದೇವರ ಬಲಗಡೆಯಲ್ಲಿದ್ದು ಬೇಡುತ್ತಾನೆ. ಇಬ್ರಿಯರಿಗೆ ಬರೆದ ಪತ್ರಿಕೆ ಇದನ್ನು ಪೂರ್ಣ ಚಿತ್ರವಾಗಿ ಬೆಳೆಸುತ್ತದೆ. ಮೆಲ್ಕಿಚೆದೇಕನ ತರದ ನಿತ್ಯ ಯಾಜಕನಾದ ಯೇಸು ಕೈಯಿಂದ ಕಟ್ಟಿದ ಆಲಯಕ್ಕೆ ಹೋಗದೆ ಸ್ವರ್ಗವನ್ನೇ ಪ್ರವೇಶಿಸಿದ್ದಾನೆ, ತನ್ನ ಮೂಲಕ ಬರುವವರಿಗಾಗಿ ಬೇಡಲು ಸದಾ ಬದುಕಿದ್ದಾನೆ. ಯೋಹಾನನ ಮೊದಲನೆಯ ಪತ್ರಿಕೆ ಅವನನ್ನು ಪಾಪಮಾಡಿದವರ ಪರ ನಿಲ್ಲುವ ವಕೀಲನೆಂದು ಕರೆಯುತ್ತದೆ. ಆದರೆ ಯೋಹಾನನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಯೇಸು, ನಿಮ್ಮ ಪರವಾಗಿ ತಂದೆಯನ್ನು ಕೇಳಿಕೊಳ್ಳುತ್ತೇನೆಂದು ನಾನು ಹೇಳುವುದಿಲ್ಲ, ತಂದೆಯೇ ನಿಮ್ಮನ್ನು ಪ್ರೀತಿಸುತ್ತಾನೆ ಎಂಬ ಅರ್ಥದ ಮಾತಾಡುತ್ತಾನೆ. ಮರು ಅಧ್ಯಾಯದಲ್ಲಿಯೇ ಶಿಷ್ಯರಿಗಾಗಿ ದೀರ್ಘವಾಗಿ ಪ್ರಾರ್ಥಿಸುತ್ತಾನೆ. ಮೂಲ ಗ್ರಂಥವೇ ಹೀಗೆ ಬೇಡುವಿಕೆಯನ್ನು ಹೇಳುತ್ತಲೇ ಒಲ್ಲದ ದೇವರನ್ನು ಒಲಿಸುವ ಕಲ್ಪನೆಗೆ ಬಾಗಿಲು ಹಾಕಿದೆ.

ಮೊದಲ ಶತಮಾನದ ಕೊನೆಗೆ ಕೊರಿಂಥದವರಿಗೆ ಪತ್ರ ಬರೆದ ರೋಮಿನ ಕ್ಲೆಮೆಂಟನು ಯೇಸುವನ್ನು ಮಹಾಯಾಜಕನೆಂದೇ ಸಂಬೋಧಿಸುತ್ತಾನೆ. ಮೂರನೆಯ ಶತಮಾನದಲ್ಲಿ ಒರಿಜೆನನು ಪ್ರಾರ್ಥನೆಯ ಕುರಿತ ತನ್ನ ಗ್ರಂಥದಲ್ಲಿ, ಪ್ರಾರ್ಥನೆ ಸಲ್ಲಬೇಕಾದದ್ದು ತಂದೆಗೆ, ಅದು ಮಗನ ಮೂಲಕ ಸಾಗಬೇಕು ಎಂದು ಒತ್ತಿ ಹೇಳಿದ. ಈ ಸಹಜ ಕ್ರಮ ಸಂಕಟಕ್ಕೆ ಸಿಕ್ಕಿದ್ದು ನಾಲ್ಕನೆಯ ಶತಮಾನದಲ್ಲಿ. ಅಲೆಕ್ಸಾಂಡ್ರಿಯದ ಆರಿಯಸ್ ಮಗನನ್ನು ತಂದೆಗಿಂತ ಕೆಳಗಿನವನೆಂದ. 325ರ ನಿಕೇಯ ಸಭೆ ಅದನ್ನು ತಳ್ಳಿಹಾಕಿದರೂ ವಾದ ದಶಕಗಳ ಕಾಲ ನಡೆಯಿತು. ಬೇಡುವವನು ಬೇಡಿಸಿಕೊಳ್ಳುವವನಿಗಿಂತ ಚಿಕ್ಕವನಲ್ಲವೇ ಎಂಬ ಪ್ರಶ್ನೆಗೆ ಉತ್ತರ ಬೇಕಾಯಿತು. 380ರ ಹೊತ್ತಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೊಟ್ಟ ದೈವಶಾಸ್ತ್ರದ ಉಪನ್ಯಾಸಗಳಲ್ಲಿ ನಾಜಿಯಾನ್ಜದ ಗ್ರೆಗೊರಿ ಕೊಟ್ಟ ಉತ್ತರ ಈ ಇತಿಹಾಸದ ತಿರುವು ಎಂದೇ ನನ್ನ ಎಣಿಕೆ. ತಂದೆಯ ಕಾಲಿಗೆ ಗುಲಾಮನಂತೆ ಬೀಳುವ ಮಗನನ್ನು ಊಹಿಸುವುದು ಇಬ್ಬರಿಗೂ ಅವಮಾನ ಎನ್ನುತ್ತಾನೆ ಅವನು. ಕ್ರಿಸ್ತನು ಧರಿಸಿದ ದೇಹವನ್ನು ಇನ್ನೂ ಧರಿಸಿಯೇ ಇದ್ದಾನೆ, ಆ ಮನುಷ್ಯತ್ವದಲ್ಲಿಯೇ ನಮ್ಮ ರಕ್ಷಣೆಗಾಗಿ ಬೇಡುತ್ತಿದ್ದಾನೆ. ಮಗನ ದೈವತ್ವಕ್ಕೂ ಕುಂದಿಲ್ಲ, ಬೇಡುವಿಕೆಯೂ ಬರಿಯ ಅಲಂಕಾರವಾಗಲಿಲ್ಲ. ಪಶ್ಚಿಮದಲ್ಲಿ ಆಗಸ್ಟೀನನು ಕೀರ್ತನೆಗಳ ವ್ಯಾಖ್ಯಾನದಲ್ಲಿ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೊಯ್ದ. ಯಾಜಕನಾಗಿ ಕ್ರಿಸ್ತನು ನಮಗಾಗಿ ಪ್ರಾರ್ಥಿಸುತ್ತಾನೆ, ನಮ್ಮ ಶಿರಸ್ಸಾಗಿ ನಮ್ಮೊಳಗೆ ಪ್ರಾರ್ಥಿಸುತ್ತಾನೆ, ದೇವರಾಗಿ ನಮ್ಮ ಪ್ರಾರ್ಥನೆಯನ್ನು ಸ್ವೀಕರಿಸುತ್ತಾನೆ ಎಂಬ ಅವನ ತ್ರಿವಿಧ ವಿವರಣೆ ಇಂದಿಗೂ ಕ್ಯಾಥೊಲಿಕ್ ಬೋಧನೆಯಲ್ಲಿ ಬಳಕೆಯಲ್ಲಿದೆ. ಆತ್ಮನ ನರಳಾಟವನ್ನೂ ಅವನು ಹಾಗೆಯೇ ಓದಿದ: ಆತ್ಮನೇ ದುಃಖಿಸುತ್ತಾನೆಂದಲ್ಲ, ನಮ್ಮಲ್ಲಿ ಆ ಹಂಬಲವನ್ನು ಹುಟ್ಟಿಸುತ್ತಾನೆ.

ಆದರೆ ಪ್ರವಚನಪೀಠದ ಈ ತಿಳಿವು ಜನರ ಪ್ರಾರ್ಥನೆಗೆ ಅಷ್ಟಾಗಿ ಇಳಿಯಲಿಲ್ಲ. ಜೆಸ್ವಿಟ್ ವಿದ್ವಾಂಸ ಯೋಸೆಫ್ ಯುಂಗ್‌ಮನ್ 1925ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರಣವೊಂದನ್ನು ಮುಂದಿಟ್ಟ. ಆರಿಯಸ್‌ನ ವಿರುದ್ಧದ ಹೋರಾಟದಲ್ಲಿ ಕ್ರಿಸ್ತನ ದೈವತ್ವವನ್ನು ಎಷ್ಟು ಎತ್ತಿ ಹಿಡಿದರೆಂದರೆ, ಪೂರ್ವದ ಆರಾಧನಾ ಪಠ್ಯಗಳಲ್ಲಿ ಅವನು ಪ್ರಾರ್ಥನೆಯನ್ನು ತಲುಪಿಸುವವನಿಂದ ಬಹುಪಾಲು ಪ್ರಾರ್ಥನೆಯನ್ನು ಸ್ವೀಕರಿಸುವವನಾದ. ತೆರವಾದ ಮಧ್ಯಸ್ಥನ ಜಾಗಕ್ಕೆ ಮರಿಯಳೂ ಸಂತರೂ ಬಂದರು. ಅವನ ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಣೆಗಳಿವೆ. ರೋಮಿನ ಸಂತ ಸೆಬಾಸ್ಟಿಯನ್ ಸಮಾಧಿಸ್ಥಳದ ಗೋಡೆಗಳ ಮೇಲೆ ಪೇತ್ರ ಪೌಲರನ್ನು ಕರೆದು ಗೀಚಿದ ಮೊರೆಗಳು ಮೂರನೆಯ ಶತಮಾನದವು. ನಿಕೇಯ ಸಭೆಗಿಂತ ಹಳೆಯವು. ಕ್ರಿಸ್ತನಿಗೇ ಸಲ್ಲಿಸಿದ ಪ್ರಾರ್ಥನೆ ಹೊಸ ಒಡಂಬಡಿಕೆಯಲ್ಲಿಯೇ ಇದೆ. ಸಾಯುವ ಸ್ತೆಫನನು ಕರೆದದ್ದು ಯೇಸುವನ್ನು. ಪಶ್ಚಿಮದಲ್ಲಿಯಂತೂ 393ರ ಹಿಪ್ಪೊ ಸಭೆ, ಬಲಿಪೀಠದ ಮುಂದಿನ ಪ್ರಾರ್ಥನೆ ಯಾವಾಗಲೂ ತಂದೆಯ ಕಡೆಗೇ ಇರಬೇಕೆಂದು ಕಟ್ಟುಮಾಡಿತು. ಇಷ್ಟನ್ನು ಒಪ್ಪಿದ ಮೇಲೂ ಯುಂಗ್‌ಮನ್ ಹೇಳಿದ್ದರಲ್ಲಿ ತಿರುಳು ಉಳಿಯುತ್ತದೆ. ಸಂತರ ಮೊರೆ ಹುಟ್ಟಿದ್ದಕ್ಕೆ ಅವನ ವಾದ ಕಾರಣ ಕೊಡಲಾರದು. ಕ್ರಿಸ್ತನ ಮನುಷ್ಯತ್ವ ಮಸುಕಾದಾಗ ಆ ಮೊರೆ ಏಕೆ ಅಷ್ಟು ಅನಿವಾರ್ಯವೆನಿಸಿತು ಎಂಬುದಕ್ಕೆ ಕೊಡಬಲ್ಲದು.

ಮಧ್ಯಯುಗದ ಸಾಕ್ಷ್ಯ ಈ ಕಡೆಗೇ ಬೆರಳು ತೋರುತ್ತದೆ. ಕಾನ್‌ಸ್ಟಾಂಟಿನೋಪಲ್‌ನ ಹಾಗಿಯಾ ಸೋಫಿಯಾದಲ್ಲಿರುವ 13ನೆಯ ಶತಮಾನದ ಮೊಸಾಯಿಕ್ ಚಿತ್ರದಲ್ಲಿ ಮರಿಯಳೂ ಸ್ನಾನಿಕ ಯೋಹಾನನೂ ಎರಡು ಬದಿಗಳಿಂದ ಕ್ರಿಸ್ತನ ಕಡೆಗೆ ಬಾಗಿದ್ದಾರೆ. ಬೇಡಬೇಕಾದವನು ಇಲ್ಲಿ ಬೇಡಿಸಿಕೊಳ್ಳುತ್ತಿದ್ದಾನೆ. 12ನೆಯ ಶತಮಾನದ ಸಂನ್ಯಾಸಿ ಬರ್ನಾರ್ಡನು ಮರಿಯಳ ಜನನದ ಹಬ್ಬದ ಪ್ರಸಂಗದಲ್ಲಿ, ತಂದೆಗೆ ಹೆದರಿದವನು ಯೇಸುವಿನ ಬಳಿಗೆ ಹೋಗಲಿ, ಯೇಸುವಿನ ದೈವತ್ವಕ್ಕೂ ಅಂಜಿದವನು ಮರಿಯಳ ಬಳಿಗೆ ಹೋಗಲಿ ಎಂಬ ದಾರಿ ತೋರಿಸಿದ. ಫ್ಲಾರೆನ್ಸಿನ ಕೆಥೆಡ್ರಲ್‌ಗಾಗಿ 1402ಕ್ಕಿಂತ ಮೊದಲು ರಚನೆಯಾದ, ಈಗ ನ್ಯೂಯಾರ್ಕಿನಲ್ಲಿರುವ ಚಿತ್ರದಲ್ಲಿ ಈ ಏಣಿ ಕಣ್ಣಿಗೇ ಕಾಣುತ್ತದೆ: ಮೊರೆಯಿಡುವ ಜನರಿಗಾಗಿ ಮರಿಯಳು ಮಗನಿಗೆ ತಾನು ಹಾಲೂಡಿಸಿದ ಮೊಲೆಯನ್ನು ತೋರಿಸುತ್ತಾಳೆ, ಮಗನು ತಂದೆಗೆ ತನ್ನ ಗಾಯವನ್ನು ತೋರಿಸುತ್ತಾನೆ. ಇದರಲ್ಲಿರುವ ಕರುಣೆಯನ್ನು ಕಡೆಗಣಿಸುವುದು ನ್ಯಾಯವಲ್ಲ. ಅರಸೊತ್ತಿಗೆಯ ಕಾಲದ ಬಡವನಿಗೆ ದೊರೆಯ ಬಳಿ ನೇರವಾಗಿ ಹೋಗುವುದು ಊಹೆಗೂ ನಿಲುಕದ ಮಾತಾಗಿತ್ತು. ಸ್ವರ್ಗವನ್ನೂ ಅವನು ಹಾಗೆಯೇ ಕಂಡ. ಆದರೆ ಅದೇ ಯುಗದ ಥಾಮಸ್ ಅಕ್ವೈನಸ್ (ಮರಣ 1274) ಬರೆದದ್ದು ಬೇರೆಯೇ. ತಾನು ಸ್ವರ್ಗಕ್ಕೆ ಕೊಂಡೊಯ್ದ ಮಾನವ ಸ್ವಭಾವವನ್ನು ಕ್ರಿಸ್ತನು ಅಲ್ಲಿ ತೋರಿಸಿಕೊಳ್ಳುವುದೇ ನಮ್ಮ ಪರವಾದ ಒಂದು ಬೇಡಿಕೆ ಎಂದು ಅವನು ತನ್ನ ಮಹಾಗ್ರಂಥದ ಮೂರನೆಯ ಭಾಗದಲ್ಲಿ ಹೇಳುತ್ತಾನೆ. ಗ್ರೆಗೊರಿಯ ಮಾತಿಗೂ ಇದಕ್ಕೂ ಅಂತರ ಕಡಿಮೆ.

ಹದಿನಾರನೆಯ ಶತಮಾನದ ಪ್ರೊಟೆಸ್ಟೆಂಟ್ ಸುಧಾರಣೆ ಈ ಏಣಿಯನ್ನು ಕಿತ್ತುಹಾಕಿತು. ಸಂತರನ್ನು ನೆನೆಯಬಹುದು, ಆದರೆ ಮಧ್ಯಸ್ಥನು ಒಬ್ಬನೇ ಎಂದು 1530ರ ಆಗ್ಸ್‌ಬರ್ಗ್ ವಿಶ್ವಾಸಪತ್ರದ 21ನೆಯ ವಿಧಿ ಸಾರಿತು. 1563ರ ಡಿಸೆಂಬರಿನಲ್ಲಿ ಕ್ಯಾಥೊಲಿಕರ ಟ್ರೆಂಟ್ ಸಭೆ ಉತ್ತರ ಕೊಟ್ಟಿತು: ಸಂತರ ಸಹಾಯವನ್ನು ಬೇಡುವುದು ಒಳ್ಳೆಯದು, ಉಪಯುಕ್ತ, ರಕ್ಷಕನು ಮಾತ್ರ ಕ್ರಿಸ್ತನೊಬ್ಬನೇ. ಈ ಜಗಳದ ಗದ್ದಲದಲ್ಲಿ ಕೇಳಿಸದೆಹೋದ ಒಂದು ಸಮ್ಮತಿಯಿದೆ. 1540ರ ರೋಮಾಪುರದವರ ಪತ್ರಿಕೆಯ ವ್ಯಾಖ್ಯಾನದಲ್ಲಿ ಸುಧಾರಕ ಕ್ಯಾಲ್ವಿನ್, ಮೊಣಕಾಲೂರಿ ಕೈಚಾಚಿ ಬೇಡುವ ಕ್ರಿಸ್ತನನ್ನು ಕಲ್ಪಿಸಿಕೊಳ್ಳಬೇಡಿ, ತನ್ನ ಮರಣ ಪುನರುತ್ಥಾನಗಳೊಂದಿಗೆ ಅವನು ದೇವರ ಮುಂದೆ ಕಾಣಿಸಿಕೊಳ್ಳುವುದೇ ನಿತ್ಯ ಮಧ್ಯಸ್ಥಿಕೆ ಎಂದ. ಅಕ್ವೈನಸ್ ಇದನ್ನು ಓದಿದ್ದರೆ ತಕರಾರು ತೆಗೆಯುತ್ತಿರಲಿಲ್ಲ.

ಇಲ್ಲಿ ಎರಡು ಆಕ್ಷೇಪಣೆಗಳು ಏಳುತ್ತವೆ. ಬರಿದೆ ಅಲ್ಲಿ ಇರುವುದೇ ಮಧ್ಯಸ್ಥಿಕೆಯಾದರೆ ಬೇಡುತ್ತಾನೆ ಎಂಬ ಮಾತಿಗೆ ಅರ್ಥವೇನು? ಹದಿನೇಳನೆಯ ಶತಮಾನದ ಲೂಥರನ್ ಪಂಡಿತರು ಇದನ್ನು ಕೇಳಿ, ಕ್ರಿಸ್ತನು ನಿಜವಾಗಿಯೂ ಮಾತಿನಿಂದಲೂ ಪ್ರಾರ್ಥಿಸುತ್ತಾನೆಂದು ಸಾಧಿಸಿದರು. ಅವರ ಕಳಕಳಿ ಸರಿಯಾದದ್ದೇ: ಮನುಷ್ಯನಾಗಿರುವವನಿಗೆ ಇಚ್ಛೆಯಿದೆ, ಒಲವಿದೆ. ಆ ಇಚ್ಛೆ ನಮ್ಮ ಒಳಿತನ್ನು ಬಯಸಿ ತಂದೆಯ ಕಡೆಗೆ ತಿರುಗಿರುವುದೇ ಪ್ರಾರ್ಥನೆ ಎಂದರೆ, ಉಪಸ್ಥಿತಿ ಮೂಕವಾಗಬೇಕಿಲ್ಲ, ಬೇಡಿಕೆ ಗೋಗರೆತವಾಗಬೇಕಿಲ್ಲ. ಇಂಗ್ಲೆಂಡಿನ ಥಾಮಸ್ ಗುಡ್ವಿನ್ ಅದೇ ಶತಮಾನದಲ್ಲಿ ಸ್ವರ್ಗದಲ್ಲಿರುವ ಕ್ರಿಸ್ತನ ಹೃದಯವನ್ನು ಕುರಿತೇ ಒಂದು ಪುಸ್ತಕ ಬರೆದು ಈ ಒಲವನ್ನು ಬಹಳ ಮನಮುಟ್ಟುವಂತೆ ವಿವರಿಸಿದ. ಎರಡನೆಯ ಆಕ್ಷೇಪಣೆ ಇನ್ನೂ ಕಠಿಣ. ಶಿಲುಬೆಯ ಮೇಲೆ ಕೆಲಸ ಮುಗಿದಿದ್ದರೆ ಮುಂದುವರಿಯುವ ಮಧ್ಯಸ್ಥಿಕೆ ಏಕೆ? 1594ರಲ್ಲಿ ಪ್ರಕಟವಾದ ಗ್ರಂಥದಲ್ಲಿ ದೈವಶಾಸ್ತ್ರಿ ಫೌಸ್ಟಸ್ ಸೊಸಿನಸ್, ಶಿಲುಬೆಯ ಮರಣ ಪಾಪದ ಸಾಲ ತೀರಿಸುವ ಬೆಲೆಯೆಂಬುದನ್ನೇ ಅಲ್ಲಗಳೆದು ಯಾಜಕತ್ವದ ಭಾರವನ್ನೆಲ್ಲ ಸ್ವರ್ಗದ ಮೇಲೆ ಹಾಕಿದ. ಉಳಿದವರು ಅದನ್ನು ಒಪ್ಪಲಿಲ್ಲ, ಆದರೆ ಬಲಿಯನ್ನೂ ಬೇಡಿಕೆಯನ್ನೂ ಬೇರೆಬೇರೆಯಾಗಿ ನೋಡಲಾಗದೆಂಬುದನ್ನು ಆ ವಾದದಿಂದ ಕಲಿತರು. ಯಾಜಕಕಾಂಡದಲ್ಲಿಯೂ ಹೊರಗೆ ಕೊಂದ ಬಲಿಯ ರಕ್ತವನ್ನು ಒಳಗೆ ಒಯ್ದಾಗಲೇ ವಿಧಿ ಪೂರ್ಣ.

ಈ ಜೋಡಣೆಯಿಂದ ಹೊಸ ಕಲಹವೂ ಹುಟ್ಟಿತು. ಕ್ರಿಸ್ತನು ಯಾರಿಗಾಗಿ ಬೇಡುತ್ತಾನೋ ಅವರಿಗಾಗಿಯೇ ಸತ್ತನು, ಲೋಕಕ್ಕಾಗಿ ಬೇಡುವುದಿಲ್ಲವೆಂದು ಅವನೇ ಹೇಳಿದ್ದಾನೆ ಎಂದು ಇಂಗ್ಲೆಂಡಿನ ಜಾನ್ ಓವನ್ 1640ರ ದಶಕದ ಕೊನೆಯಲ್ಲಿ ವಾದಿಸಿದ. ತರ್ಕ ಬಿಗಿಯಾಗಿದೆ. ಆದರೂ ಶಿಲುಬೆಗೇರಿಸಿದವರಿಗಾಗಿಯೇ ಕ್ಷಮೆ ಬೇಡಿದ ಯೇಸುವಿನ ಚಿತ್ರ ಲೂಕನ ಸುವಾರ್ತೆಯಲ್ಲಿರುವಾಗ, ಒಂದು ರಾತ್ರಿ ಶಿಷ್ಯರಿಗಾಗಿ ಮಾಡಿದ ಪ್ರಾರ್ಥನೆಯನ್ನು ಎಲ್ಲ ಕಾಲದ ಎಲ್ಲೆಗೆರೆಯಾಗಿ ಎಳೆಯುವುದು ಒಪ್ಪತಕ್ಕದ್ದಲ್ಲ. ಅಮೆರಿಕದಲ್ಲಿ 1844ರ ಅಕ್ಟೋಬರ್ 22ರಂದು ಕ್ರಿಸ್ತನು ಮರಳುವನೆಂದು ಕಾದು ನಿರಾಶರಾದವರಲ್ಲಿ ಕೆಲವರು, ಅಂದು ಅವನು ಸ್ವರ್ಗದ ಆಲಯದಲ್ಲಿ ಯಾಜಕತ್ವದ ಕೊನೆಯ ಘಟ್ಟಕ್ಕೆ ಕಾಲಿಟ್ಟನೆಂದು ತಿಳಿದರು. ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯ ವಿಶಿಷ್ಟ ಬೋಧನೆ ಅಲ್ಲಿಂದ ಬೆಳೆಯಿತು. ಸ್ಕಾಟ್ಲೆಂಡಿನ ಜಾನ್ ಮೆಕ್ಲಿಯಡ್ ಕ್ಯಾಂಬೆಲ್‌ನದು ಬೇರೆ ದಾರಿ. ಕ್ರಿಸ್ತನು ಎಲ್ಲರಿಗಾಗಿ ಸತ್ತನೆಂದು ಬೋಧಿಸಿ 1831ರಲ್ಲಿ ಪಾದ್ರಿ ಪದವಿ ಕಳೆದುಕೊಂಡ ಅವನು, 1856ರ ಗ್ರಂಥದಲ್ಲಿ ಕ್ರಿಸ್ತನ ಬೇಡಿಕೆಯನ್ನು ಪ್ರಾಯಶ್ಚಿತ್ತದ ಒಳಗೇ ಸೇರಿಸಿದ. ಅವನ ನಾಡಿನವನೇ ಆದ ಜೇಮ್ಸ್ ಟಾರನ್ಸ್ 1996ರಲ್ಲಿ, ಕ್ರೈಸ್ತ ಆರಾಧನೆಯೆಂದರೆ ತಂದೆಯೊಡನೆ ಮಗನಿಗಿರುವ ಸಂಬಂಧದಲ್ಲಿ ಆತ್ಮನ ಮೂಲಕ ಪಾಲುಗೊಳ್ಳುವುದೆಂದು ಬರೆದು, ಆಗಸ್ಟೀನನ ನಂತರ ಬಿಡಿಬಿಡಿಯಾಗಿದ್ದ ಎರಡು ಮಧ್ಯಸ್ಥಿಕೆಗಳನ್ನು ಮತ್ತೆ ಒಂದುಗೂಡಿಸಿದ.

ಇದೆಲ್ಲ ಪಂಡಿತರ ಒಮ್ಮತ, ಜನರಿಗೆ ತಲುಪದ್ದು ಎಂದು ಕೊನೆಯದಾಗಿ ಆಕ್ಷೇಪಿಸಬಹುದು. ಆದರೆ ಆರಾಧನೆಯ ಪಠ್ಯ ಪಂಡಿತರ ಸೊತ್ತಲ್ಲ. ಎರಡನೆಯ ವ್ಯಾಟಿಕನ್ ಸಭೆಯ 1964ರ ಶಾಸನವೂ ಮರಿಯಳಿಗೆ ಮಧ್ಯಸ್ಥೆಯೆಂಬ ಬಿರುದನ್ನು ಉಳಿಸಿಕೊಂಡೇ, ಅದು ಕ್ರಿಸ್ತನ ಏಕೈಕ ಮಧ್ಯಸ್ಥಿಕೆಗೆ ಏನನ್ನೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ ಎಂದು ಬರೆದಿಟ್ಟಿತು. ಆರಾಧನೆಯ ಪಠ್ಯಕ್ಕೆ ಬಂದರೆ, ಮಂಗಳೂರಿನಲ್ಲಿ ಪೋರ್ಚುಗೀಸರ ಕಾಲದಿಂದ ಬಂದ ಕ್ಯಾಥೊಲಿಕ್ ಸಂಪ್ರದಾಯವೂ, 1834ರಲ್ಲಿ ಬಂದಿಳಿದ ಬಾಸೆಲ್ ಮಿಶನ್ನಿನ ಸಂಪ್ರದಾಯವೂ ಒಂದೇ ಊರಿನಲ್ಲಿವೆ. ಒಂದರಲ್ಲಿ ಸಂತರ ಬಿನ್ನಹಮಾಲೆ ಉಂಟು, ಇನ್ನೊಂದರಲ್ಲಿ ಇಲ್ಲ. ದೇವರಿಗೆ ಸಲ್ಲಿಸುವ ಸಭೆಯ ಪ್ರಾರ್ಥನೆಯನ್ನು ಎರಡೂ ಕಡೆ ಮುಗಿಸುವುದು ಕ್ರಿಸ್ತನ ಮೂಲಕ ಬೇಡುತ್ತೇವೆಂದು ಹೇಳಿಯೇ.